ಬೈಪಾಸ್ ಆದ್ಮೇಲೆ ಮೊದ್ಲು ಲೆಕ್ಕ ತಪ್ತು, ಆಮೇಲೆ ನಾಡಿ ತಪ್ತು

ತಿಪಟೂರಲ್ಲಿ ಒಂದು ಕೊಬ್ಬರಿ ಮಂಡಿಯಲ್ಲಿ 34 ವರ್ಷದಿಂದ ಲೆಕ್ಕ ಬರೀತಿದೀನಿ. ನಮ್ ಕೆಲ್ಸ ಹೆಂಗೆ ಅಂದ್ರೆ ರೈತ ಎದುರಿಗೆ ನಿಂತಿರ್ತಾನೆ, ಹಮಾಲಿ ತೂಕ ಕೂಗ್ತಾನೆ, ಕ್ವಿಂಟಾಲ್‌ಗೆ ಇವತ್ತಿನ ರೇಟು 16,400 ಅಂತಿಟ್ಕೊಳ್ಳಿ, ಚೀಲ ಎಲ್ಲಾ ಸೇರಿ 8 ಕ್ವಿಂಟಾಲ್ 43 ಕೆಜಿ, ಅವ್ನು ಕೂಗಿ ಬಾಯಿ ಮುಚ್ಚೋಷ್ಟರಲ್ಲಿ ನಾನು 1,38,252 ಅಂತ ಹೇಳಿಬಿಡ್ತಿದ್ದೆ. ಕ್ಯಾಲ್ಕುಲೇಟರ್ ಟೇಬಲ್ ಮೇಲೆ ಇರ್ತಿತ್ತು, ಮುಟ್ತಿರ್ಲಿಲ್ಲ. 2022ರ ಫೆಬ್ರವರಿಯಲ್ಲಿ ನನಗೆ ಬೈಪಾಸ್ ಆಯ್ತು, ಆಗ 59 ವರ್ಷ. ಆಪರೇಷನ್ ಆಗಿ ಮೂರು ತಿಂಗ್ಳಿಗೆ ಮಂಡಿಗೆ ವಾಪಸ್ ಹೋಗಿ ಕೂತಾಗ ಈ ತರದ್ದೇ ಒಂದು ಗುಣಾಕಾರ ಮಧ್ಯದಲ್ಲಿ ಎಲ್ಲೋ ಕಳ್ದೋಯ್ತು. 16,400ನ 8ರಿಂದ ಗುಣಿಸಿದ್ದು ನೆನಪಿದೆ, ಉಳಿದ 43 ಕೆಜಿಗೆ ಬರೋಷ್ಟರಲ್ಲಿ ಮೊದ್ಲು ಬಂದ ಉತ್ತರ ಏನು ಅಂತಾನೇ ಮರ್ತೋಗಿದೆ. ರೈತ ಕಾಯ್ತಾ ನಿಂತಿದಾನೆ. ಆವತ್ತು ಮನೆಗೆ ಬಂದು ಯಾರಿಗೂ ಹೇಳ್ಲಿಲ್ಲ, ಅದೇ ನಾನು ಮಾಡಿದ ಮೊದಲ್ನೇ ತಪ್ಪು.

ಈಗ ಮೂರು ವರ್ಷದ ಮೇಲಾಯ್ತು, ಇದನ್ನ ಯಾಕೆ ಬರೀತಿದೀನಿ ಅಂದ್ರೆ ಬೈಪಾಸ್ ಆದವ್ರ ಮನೇಲಿ ಎಲ್ರೂ ಎದೆ ಬಗ್ಗೆ ಕೇಳ್ತಾರೆ, ಹೊಲಿಗೆ ಒಣಗ್ತಾ, ಕಾಲಿನ ಗಾಯ ಹೆಂಗಿದೆ, ಸುಸ್ತು ಇದೆಯಾ ಅಂತ. ತಲೆ ಬಗ್ಗೆ ಯಾರೂ ಕೇಳಲ್ಲ, ನಾವೂ ಹೇಳಲ್ಲ. ನಂಗೆ ತಲೆ ವಿಷಯದಲ್ಲಿ ಏನೇನಾಯ್ತು ಅಂತ ಮೊದಲಿಂದ ಹೇಳ್ತೀನಿ.

ಸಕ್ಕರೆ ಕಾಯಿಲೆ ಹನ್ನೆರಡು ವರ್ಷದಿಂದ ಇತ್ತು, ಬಿಪಿ ಇತ್ತು, ಜೊತೆಗೆ ಕಡ್ಡಿಪುಡಿ. ಆಂಜಿಯೋಗ್ರಾಮ್ ಮಾಡಿದಾಗ ಮೂರೂ ಮುಖ್ಯ ರಕ್ತನಾಳ ಬ್ಲಾಕು, ಸಕ್ಕರೆ ಬೇರೆ ಇರೋದ್ರಿಂದ ಸ್ಟೆಂಟ್‌ಗಿಂತ ಬೈಪಾಸೇ ವಾಸಿ ಅಂದ್ರು. ಬೆಂಗಳೂರಲ್ಲಿ ಮಾಡ್ಸಿದ್ವಿ. ಆಪರೇಷನ್‌ಗೆ ಮುಂಚೆ ಕತ್ತಿನ ಎರಡೂ ಕಡೆ ಜೆಲ್ ಹಚ್ಚಿ ಡಾಪ್ಲರ್ ಸ್ಕ್ಯಾನ್ ಮಾಡಿದ್ರು, ನಂಗೆ ಆಶ್ಚರ್ಯ, ಹಾರ್ಟ್ ಆಪರೇಷನ್‌ಗೆ ಕತ್ತು ಯಾಕೆ ನೋಡ್ತಾರೆ ಅಂತ. ಕತ್ತಿನ ನಾಳದಲ್ಲೇ ತಲೆಗೆ ರಕ್ತ ಹೋಗೋದು, ಹಾರ್ಟಲ್ಲಿ ಕೊಬ್ಬು ಕಟ್ಟಿದವ್ರಿಗೆ ಅಲ್ಲೂ ಕಟ್ಟಿರಬಹುದು, ಅದು ಜಾಸ್ತಿ ಇದ್ರೆ ಆಪರೇಷನ್ ಟೈಮಲ್ಲಿ ಲಕ್ವ ಹೊಡೆಯೋ ಅಪಾಯ ಜಾಸ್ತಿ. ನಂಗೆ ಎಡಗಡೆ 40 ಪರ್ಸೆಂಟ್ ಇತ್ತು, ಅಷ್ಟಕ್ಕೆ ಏನೂ ಮಾಡೋದು ಬೇಡ, ಮಾತ್ರೆ ಸಾಕು ಅಂದ್ರು.

ಸರ್ಜನ್ ಒಳ್ಳೇ ಮನುಷ್ಯ, ಸಹಿ ಹಾಕ್ಸೋಕೆ ಮುಂಚೆ ಒಂದು ಹಾಳೆ ಮೇಲೆ ಚಿತ್ರ ಬರೆದು ತೋರಿಸಿದ್ರು. ಎದೆ ಒಳಗಿನ ಒಂದು ನಾಳ, ಕಾಲಿಂದ ತೆಗೆದ ನಾಳ, ಇವನ್ನ ಬ್ಲಾಕ್ ದಾಟಿಸಿ ಜೋಡಿಸ್ತಾರೆ. ಹಾರ್ಟ್ ನಿಲ್ಸಿ ಮಾಡೋದಾದ್ರೆ ಅಷ್ಟು ಹೊತ್ತು ರಕ್ತ ಹೊರಗಿನ ಮೆಷಿನ್ ಮೂಲಕ ಓಡುತ್ತೆ, ಅದಕ್ಕೆ ಹಾರ್ಟಿಂದ ಹೊರಡೋ ದೊಡ್ಡ ನಾಳಕ್ಕೆ, ಮಹಾಅಪಧಮನಿ ಅಂತೀವಲ್ಲ ಅದಕ್ಕೆ, ಪೈಪ್ ಹಾಕಿ ಕ್ಲಾಂಪ್ ಹಿಡೀಬೇಕು. ಆ ನಾಳದ ಒಳಗೋಡೆಯಲ್ಲಿ ಸುಣ್ಣ ಕಟ್ಟಿದಂಗೆ ಪ್ಲಾಕ್ ಇದ್ರೆ ಹಿಡಿದ ಕಡೆ ಒಂದು ಚೂರು ಎದ್ದು ರಕ್ತದ ಜೊತೆ ತಲೆಗೆ ಹೋಗಬಹುದು. ನೂರರಲ್ಲಿ ಒಬ್ರಿಗೋ ಇಬ್ರಿಗೋ ಸ್ಟ್ರೋಕ್ ಆಗುತ್ತೆ ಅಂತ ನೇರವಾಗೇ ಹೇಳಿದ್ರು. ಹಾರ್ಟ್ ನಿಲ್ಸದೇ ಮಾಡೋದೂ ಇದೆ, ಬೀಟಿಂಗ್ ಹಾರ್ಟ್ ಅಂತಾರೆ, ನಮ್ ದೇಶದಲ್ಲಿ ತುಂಬಾ ಜನಕ್ಕೆ ಹಂಗೇ ಮಾಡ್ತಾರೆ. ಅದಾದ್ರೆ ತಲೆಗೆ ಏನೂ ಆಗಲ್ವಾ ಅಂತ ನನ್ ಮಗ ಕೇಳ್ದ. ಎರಡನ್ನೂ ಹೋಲಿಸಿ 4,752 ಜನರ ಮೇಲೆ ದೊಡ್ಡ ಸ್ಟಡಿ ಆಗಿದೆ, ಕರೋನರಿ ಅಂತ ಅದರ ಹೆಸ್ರು, ಐದು ವರ್ಷದ ಮೇಲೂ ಸಾವು ಸ್ಟ್ರೋಕ್ ಎಲ್ಲಾ ಎರಡೂ ಕಡೆ ಹತ್ತಿರ ಹತ್ತಿರ ಒಂದೇ ಬಂತು, ಯಾರಿಗೆ ಯಾವ್ದು ಅನ್ನೋದನ್ನ ಅವರವರ ನಾಳ ನೋಡಿ ತೀರ್ಮಾನ ಮಾಡ್ತೀವಿ ಅಂದ್ರು. ನಂಗೆ ಮೆಷಿನ್ ಹಾಕೇ ಮಾಡಿದ್ರು.

ಆಪರೇಷನ್ ಬಗ್ಗೆ ಹೇಳೋಕೆ ಏನೂ ಇಲ್ಲ, ನಾನು ಮಲಗಿದ್ದೆ. ಐಸಿಯು ಬಗ್ಗೆ ಹೇಳ್ಬೇಕು.

ಎರಡನೇ ರಾತ್ರಿ ಐಸಿಯು ನಂಗೆ ಮಂಡಿ ತರ ಕಾಣೋಕೆ ಶುರುವಾಯ್ತು. ಪಕ್ಕದ ಬೆಡ್ಡಿನ ಬಿಳೀ ಪರದೆ ಕೊಬ್ಬರಿ ಚೀಲದ ಅಟ್ಟಿ, ಮಾನಿಟರ್ ಬೀಪ್ ಅನ್ನೋದು ತಕ್ಕಡಿ ಶಬ್ದ, ನರ್ಸ್ ಬಂದು ಕೈ ಹಿಡಿದ್ರೆ ಅವ್ಳು ತೂಕದಲ್ಲಿ ಮೋಸ ಮಾಡ್ತಿದಾಳೆ ಅಂತ ನಾನು ಜಗಳಕ್ಕೆ ನಿಂತೆ. ಕತ್ತಿಗೆ ಹಾಕಿದ್ದ ಔಷಧಿ ಪೈಪ್ ಕೀಳೋಕೆ ಹೋದೆ, ಕೈ ಕಟ್ಟಿದ್ರು. ಇದನ್ನೆಲ್ಲಾ ಹೆಂಡ್ತಿ ಹೇಳಿದ್ದು, ನಂಗೆ ನೆನಪಿರೋದು ಆ ಬಿಳೀ ಅಟ್ಟಿ ಒಂದೇ. ಅವ್ಳು ಹೊರಗೆ ಕೂತು ರಾತ್ರಿಯೆಲ್ಲಾ ಅತ್ತಿದಾಳೆ, ಇವ್ರಿಗೆ ಹುಚ್ಚು ಹಿಡೀತು, ಹಾರ್ಟ್ ಸರಿ ಮಾಡೋಕೆ ಹೋಗಿ ತಲೆ ಹೋಯ್ತು ಅಂತ. ಬೆಳಿಗ್ಗೆ ಒಬ್ಬ ಡ್ಯೂಟಿ ಡಾಕ್ಟರ್ ಅವ್ಳನ್ನ ಕರೆದು ಇದಕ್ಕೆ ಡೆಲಿರಿಯಂ ಅಂತಾರೆ, ಹಾರ್ಟ್ ಆಪರೇಷನ್ ಆದವ್ರಲ್ಲಿ ಬಹಳ ಜನಕ್ಕೆ ಆಗುತ್ತೆ, ನಿದ್ದೆ ಇಲ್ದೆ, ನೋವಿನ ಔಷಧಿ, ಹಗಲು ರಾತ್ರಿ ಗೊತ್ತಾಗದೇ ಇರೋದು ಎಲ್ಲಾ ಸೇರಿ ಬರುತ್ತೆ ಅಂತ ಹೇಳಿ, ಅವರ ಕನ್ನಡಕ ತಂದ್ಕೊಡಿ, ನೀವು ಪಕ್ಕದಲ್ಲಿ ಕೂತು ಇವತ್ತು ಯಾವ ವಾರ, ಯಾವ ಊರು, ಮನೇಲಿ ಏನಾಯ್ತು ಅಂತ ಮಾತಾಡ್ತಾ ಇರಿ ಅಂದ್ರಂತೆ. ಕನ್ನಡಕ ಹಾಕಿದ್ಮೇಲೆ ಪರದೆ ಪರದೆ ತರ ಕಾಣ್ತು. ಎರಡು ದಿನಕ್ಕೆ ಪೂರ್ತಿ ಸರಿಹೋದೆ. ಆದ್ರೆ ಒಂದು ಮಾತು ಆಮೇಲೆ ಗೊತ್ತಾಗಿದ್ದು, ಡೆಲಿರಿಯಂ ಆದವ್ರಿಗೆ ಮುಂದೆ ಜ್ಞಾಪಕಶಕ್ತಿ ಕಮ್ಮಿ ಆಗೋ ಸಾಧ್ಯತೆ ಬೇರೆಯವ್ರಿಗಿಂತ ಜಾಸ್ತಿ, ಅದಕ್ಕೇ ಅಂಥವ್ರನ್ನ ಆಮೇಲೂ ಗಮನಿಸ್ತಾ ಇರ್ಬೇಕು. ನಮಗೆ ಅದನ್ನ ಯಾರೂ ಹೇಳಿ ಕಳಿಸ್ಲಿಲ್ಲ.

ಮೂರನೇ ದಿನ ಇನ್ನೊಂದಾಯ್ತು. ಎದೆಯೊಳಗೆ ಮೀನು ಒದ್ದಾಡಿದ ಹಾಗೆ, ಮಾನಿಟರಲ್ಲಿ ನಂಬರ್ 140ಕ್ಕೆ ಹೋಯ್ತು, ಎಲ್ರೂ ಓಡಿಬಂದ್ರು. ಏಟ್ರಿಯಲ್ ಫಿಬ್ರಿಲೇಷನ್ ಅಂತೆ, ಎಎಫ್ ಅಂತಾರೆ. ಹಾರ್ಟಿನ ಮೇಲಿನ ಕೋಣೆ ಸರಿಯಾಗಿ ಹಿಂಡದೇ ಬರೀ ನಡುಗ್ತಾ ಇರುತ್ತೆ. ಬೈಪಾಸ್ ಆದ ನೂರು ಜನರಲ್ಲಿ 20ರಿಂದ 40 ಜನಕ್ಕೆ ಇದು ಬರುತ್ತೆ, ಹೆಚ್ಚಾಗಿ ಎರಡನೇ ಮೂರನೇ ದಿನಾನೇ. ಡ್ರಿಪ್ಪಲ್ಲಿ ಔಷಧಿ ಹಾಕಿದ್ರು, ಒಂದೂವರೆ ದಿನದಲ್ಲಿ ಲಯಕ್ಕೆ ಬಂತು. ಎಲ್ಲಾ ನಾರ್ಮಲ್ ಅಂತ ಎಂಟನೇ ದಿನ ಮನೆಗೆ ಕಳಿಸಿದ್ರು.

ಇಲ್ಲಿ ನನ್ನ ಒಂದು ದೂರು ಇದೆ. ಡಿಸ್ಚಾರ್ಜ್ ಸಮರಿ ನಾಲ್ಕು ಪುಟ, ಅದ್ರಲ್ಲಿ ಮೂರನೇ ಪುಟದಲ್ಲಿ ಒಂದು ಸಾಲಲ್ಲಿ POAF ಅಂತ ನಾಲ್ಕು ಇಂಗ್ಲಿಷ್ ಅಕ್ಷರದಲ್ಲಿ, ಅಂದ್ರೆ ಆಪರೇಷನ್ ಆದ್ಮೇಲೆ ಬಂದ ಎಎಫ್ ಅಂತ, ಈ ವಿಷಯ ಬರೆದು ಮುಗ್ಸಿದ್ರು. ನಮಗೆ ಕೂರಿಸ್ಕೊಂಡು ಊಟ, ಎದೆ ಬೆಲ್ಟು, ಕೆಮ್ಮುವಾಗ ದಿಂಬು ಹಿಡ್ಕೊಳ್ಳೋದು ಎಲ್ಲಾ ಹೇಳ್ಕೊಟ್ರು, ಈ ಲಯ ಮತ್ತೆ ತಪ್ಪಬಹುದು, ನಾಡಿ ನೋಡ್ಕೊಳ್ತಾ ಇರಿ ಅಂತ ಒಬ್ರೂ ಹೇಳ್ಲಿಲ್ಲ. ನಮ್ಮೂರಿನ ಡಾಕ್ಟ್ರೂ ಆ ಸಾಲು ನೋಡಿರ್ಲಿಲ್ಲ. ಆ ಒಂದು ಸಾಲು ನಮಗೆ ಅರ್ಥ ಆಗಿದ್ದಿದ್ರೆ ಹದಿನಾಲ್ಕು ತಿಂಗ್ಳು ಆದ್ಮೇಲೆ ಆಗಿದ್ದು ಆಗ್ತಿರ್ಲಿಲ್ವೇನೋ ಅಂತ ಈಗ್ಲೂ ಅನ್ನಿಸುತ್ತೆ.

ಮನೆಗೆ ಬಂದ್ಮೇಲೆ ದೇಹ ಸುಧಾರಿಸ್ತು. ಆದ್ರೆ ಟಿವಿಯಲ್ಲಿ ನ್ಯೂಸ್ ನೋಡಿ ಮುಗಿಸೋಷ್ಟರಲ್ಲಿ ಮೊದಲ್ನೇ ಸುದ್ದಿ ಮರ್ತಿರ್ತಿತ್ತು. ಇಬ್ರು ಒಟ್ಟಿಗೆ ಮಾತಾಡಿದ್ರೆ ಯಾರ ಮಾತೂ ತಲೆಗೆ ಹೋಗ್ತಿರ್ಲಿಲ್ಲ. ಸಣ್ಣದಕ್ಕೂ ಕಣ್ಣಲ್ಲಿ ನೀರು. ರಾತ್ರಿ ನಿದ್ದೆ ಇಲ್ಲ. ಆಮೇಲೆ ಆ ಮಂಡಿ ಲೆಕ್ಕದ ಪ್ರಸಂಗ ಆಯ್ತಲ್ಲ, ಎರಡು ತಿಂಗ್ಳು ಮುಚ್ಚಿಟ್ಟೆ, ಕಡೆಗೆ ಒಬ್ಬ ರೈತನಿಗೆ ಎರಡು ಸಾವಿರ ಕಮ್ಮಿ ಕೊಟ್ಟು ಅವನು ಮಾರನೇ ದಿನ ಬಂದು ಕೇಳ್ದಾಗ ನಂಗೆ ಸಾಯೋವಷ್ಟು ನಾಚಿಕೆ ಆಯ್ತು, ಮಗನಿಗೆ ಹೇಳ್ದೆ.

ಮಗ ಫೋನಲ್ಲಿ ಹುಡುಕಿ ಇನ್ನೂ ಹೆದರಿಸ್ದ. 2001ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯವ್ರು ಮಾಡಿದ ಸ್ಟಡಿ ಅಂತೆ, ಬೈಪಾಸ್ ಆದವ್ರಲ್ಲಿ ಆಸ್ಪತ್ರೆಯಿಂದ ಹೊರಡುವಾಗ ನೂರಕ್ಕೆ 53 ಜನಕ್ಕೆ ಜ್ಞಾಪಕ, ಗಮನ ಕಮ್ಮಿಯಾಗಿತ್ತು, ಆರು ವಾರಕ್ಕೆ ಅದು 36ಕ್ಕೆ ಇಳೀತು, ಆರು ತಿಂಗ್ಳಿಗೆ 24ಕ್ಕೆ, ಅಲ್ಲೀವರೆಗೂ ಸಮಾಧಾನ, ಆದ್ರೆ ಐದು ವರ್ಷಕ್ಕೆ ಮತ್ತೆ 42. ಅದನ್ನ ಓದಿ ನಾನು ಆಪರೇಷನ್ ಮಾಡ್ಸಿದ್ದೇ ತಪ್ಪಾಯ್ತು, ಆ ಮೆಷಿನ್ ನನ್ ತಲೆ ತಿಂತು ಅಂತ ತಿಂಗಳುಗಟ್ಲೆ ಕೊರಗಿದೀನಿ.

ಆಮೇಲೆ ಬೆಂಗಳೂರಲ್ಲಿ ಒಬ್ರು ನ್ಯೂರಾಲಜಿಸ್ಟ್ ಹತ್ರ ಕರ್ಕೊಂಡ್ ಹೋದ. ಕನ್ನಡದಲ್ಲೇ ಪರೀಕ್ಷೆ ಮಾಡಿದ್ರು. ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರ್ಸಿ ಅಂದ್ರು, ಐದು ಪದ ಹೇಳಿ ಐದು ನಿಮಿಷ ಆದ್ಮೇಲೆ ವಾಪಸ್ ಕೇಳಿದ್ರು, 100ರಿಂದ ಏಳೇಳು ಕಳೀತಾ ಹೋಗಿ ಅಂದ್ರು. 93, 86, 79, ಅಲ್ಲಿ ನಿಂತೋದೆ. ಮೂವತ್ತನಾಲ್ಕು ವರ್ಷ ಲೆಕ್ಕ ಬರೆದವ್ನು 79ರಲ್ಲಿ ನಿಂತೆ. ಡಾಕ್ಟರ್ ಆತುರ ಮಾಡ್ಲಿಲ್ಲ, ಪೆನ್ನು ಕೆಳಗಿಟ್ಟು ಒಂದು ಲೋಟ ನೀರು ಕೊಟ್ರು. ಒಟ್ಟು 30ಕ್ಕೆ 22 ಬಂತು, 26 ಇರ್ಬೇಕಂತೆ.

ಅವರು ಹೇಳಿದ್ದು ನನ್ನ ಮನಸ್ಸಿನ ದೊಡ್ಡ ಭಾರ ಇಳಿಸ್ತು. ಆ 2001ರ ಸ್ಟಡಿಯಲ್ಲಿ ಆಪರೇಷನ್ ಆಗದೇ ಇರೋ ಹಾರ್ಟ್ ಪೇಶೆಂಟುಗಳನ್ನ ಪಕ್ಕದಲ್ಲಿಟ್ಟು ಹೋಲಿಸಿರ್ಲಿಲ್ಲ, ಆಮೇಲೆ ಅಮೆರಿಕದ್ದೇ ಇನ್ನೊಂದು ಯೂನಿವರ್ಸಿಟಿ, ಜಾನ್ಸ್ ಹಾಪ್ಕಿನ್ಸ್‌ನವ್ರು ಹಂಗೆ ಹೋಲಿಸಿ ವರ್ಷಗಟ್ಲೆ ನೋಡಿದಾಗ ಬೈಪಾಸ್ ಆದವ್ರಿಗೂ, ಅದೇ ಕಾಯಿಲೆ ಇದ್ದು ಬೈಪಾಸ್ ಆಗದವ್ರಿಗೂ ತಲೆ ಮಂದವಾಗೋದ್ರಲ್ಲಿ ಹೆಚ್ಚು ವ್ಯತ್ಯಾಸ ಇರ್ಲಿಲ್ಲ. ಮೊದಲ ಕೆಲವು ವಾರ, ತಿಂಗ್ಳು ಆಗೋದು ಆಪರೇಷನ್‌ದೇ, ಅದು ಹೆಚ್ಚಿನವ್ರಿಗೆ ಸರಿಹೋಗುತ್ತೆ. ವರ್ಷಗಳು ಕಳೆದ್ಮೇಲೆ ಆಗೋದು ನಾಳದ ಕಾಯಿಲೆದು. ಹಾರ್ಟಿನ ನಾಳ ಕಟ್ಟಿದ್ದು ಯಾವ ಕಾರಣಕ್ಕೋ ಅದೇ ಕಾರಣಕ್ಕೆ ತಲೆ ಒಳಗಿನ ಕೂದಲಿನಂಥ ನಾಳಗಳೂ ಹಾಳಾಗ್ತವೆ, ಸರ್ಜನ್ ಹಾರ್ಟಿಗೆ ಮೂರು ಹೊಸ ದಾರಿ ಹಾಕ್ಕೊಟ್ಟಿದಾರೆ, ತಲೆಗೆ ಹಂಗೆ ಹಾಕೋಕಾಗಲ್ಲ, ಇರೋದನ್ನ ಕಾಪಾಡ್ಕೋಬೇಕು ಅಂದ್ರು. ನಂಗೆ ಡಿಪ್ರೆಷನ್ನೂ ಇದೆ ಅಂತ ಹೇಳಿ ಅದಕ್ಕೂ ಮಾತ್ರೆ ಕೊಟ್ರು, ಮನಸ್ಸು ಕುಗ್ಗಿದ್ರೆ ಜ್ಞಾಪಕ ಇರೋದಕ್ಕಿಂತ ಕಮ್ಮಿ ಕಾಣುತ್ತಂತೆ. ಅದು ನಿಜ ಆಯ್ತು, ನಿದ್ದೆ ಬರೋಕೆ ಶುರುವಾದ ಎರಡು ತಿಂಗ್ಳಲ್ಲಿ ಅರ್ಧ ಲೆಕ್ಕ ವಾಪಸ್ ಬಂತು.

ಹಂಗೆ ಸುಧಾರಿಸ್ತಾ ಇದ್ದಾಗ 2023ರ ಏಪ್ರಿಲ್ ಬಂತು. ಬೆಳಿಗ್ಗೆ ಆರೂವರೆ, ಹಜಾರದಲ್ಲಿ ಕೂತು ಕಾಫಿ ಲೋಟ ಹಿಡ್ಕೊಂಡಿದ್ದೆ. ಲೋಟ ಬಿತ್ತು. ನಾನು ಬಿಡ್ಲಿಲ್ಲ, ಅದಾಗೇ ಬಿತ್ತು, ಬೆರಳು ಇದ್ದ ಹಾಗೇ ಇದಾವೆ ಆದ್ರೆ ನನ್ನವಲ್ಲ ಅನ್ನೋ ತರ. ಕಾಫಿ ತೊಡೆ ಮೇಲೆ ಚೆಲ್ಲಿ ಬಿಸಿ ತಾಕಿದ್ದು ಗೊತ್ತಾಯ್ತು, ಸೊಸೆನ ಕೂಗೋಣ ಅಂದ್ರೆ ಬಾಯಲ್ಲಿ ಬಂದಿದ್ದು ಬರೀ ಗೊಣಗು. ಅವ್ಳು ಅಂಗನವಾಡಿಯಲ್ಲಿ ಕೆಲ್ಸ ಮಾಡೋಳು, ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ರೋ ಏನೋ, ಬಂದವ್ಳೇ ನಗಿ ಮಾವ, ಹಲ್ಲು ತೋರ್ಸಿ ಅಂದ್ಳು, ಎರಡೂ ಕೈ ಮುಂದಕ್ಕೆ ಎತ್ತಿ ಅಂದ್ಳು, ಬಲಗೈ ಇಳಿದೋಯ್ತು. ಗಡಿಯಾರ ನೋಡಿ ಕ್ಯಾಲೆಂಡರ್ ಮೇಲೆ ಟೈಮ್ ಬರೆದ್ಳು, ಆ ಕ್ಯಾಲೆಂಡರ್ ಹಾಳೆ ಇನ್ನೂ ಇಟ್ಕೊಂಡಿದೀನಿ.

ಹನ್ನೆರಡು ನಿಮಿಷಕ್ಕೆ ಎಲ್ಲಾ ಸರಿಹೋಯ್ತು. ಕೈ ಬಂತು, ಮಾತು ಬಂತು. ನಾನು ಗ್ಯಾಸ್ ಇರ್ಬೇಕು, ಮಲಗ್ತೀನಿ ಅಂದೆ. ಪಕ್ಕದ ಮನೆಯವ್ರು ಬಂದು ಲಕ್ವದ ಗಾಳಿ ತಾಗಿದೆ, ಎಣ್ಣೆ ತಿಕ್ಸಿ ಅಂದ್ರು, ಇನ್ನೊಬ್ರು ಪಾರಿವಾಳದ ರಕ್ತ ಹಚ್ಚೋರು ಇದಾರೆ ಕರ್ಕೊಂಡ್ ಹೋಗೋಣ ಅಂದ್ರು. ಸೊಸೆ ಯಾರ ಮಾತೂ ಕೇಳ್ಲಿಲ್ಲ, ಕಾರು ಮಾಡಿ ತುಮಕೂರಿಗೆ ಹೊರಡಿಸಿದ್ಳು. ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆಗೇ ಹೋಗ್ಬೇಕು ಅಂತ ಅವ್ಳು ಹಠ ಹಿಡಿದಿದ್ದು ಸರಿ, ಯಾಕಂದ್ರೆ ರಕ್ತ ಹೆಪ್ಪುಗಟ್ಟಿ ಆಗಿದ್ಯೋ ನಾಳ ಒಡೆದು ಆಗಿದ್ಯೋ ಸ್ಕ್ಯಾನ್ ಮಾಡ್ದೇ ಯಾರಿಗೂ ಹೇಳೋಕಾಗಲ್ಲ, ಎರಡಕ್ಕೂ ಔಷಧಿ ಉಲ್ಟಾ, ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡ್ಬೇಕಂದ್ರೆ ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡ್ಬೇಕು. ನಂಗೆ ಅದು ಬೇಕಾಗ್ಲಿಲ್ಲ, ಅಷ್ಟರಲ್ಲಿ ಪೂರ್ತಿ ಸರಿ ಇದ್ದೆ. ಟಿಐಎ ಅಂದ್ರು, ಅಂದ್ರೆ ಹೆಪ್ಪು ಬಂದು ಅಡ್ಡ ನಿಂತು ತಾನಾಗೇ ಹೋಗಿರೋದು. ಆದ್ರೆ ಇದಾದ ಮೊದಲ ಎರಡು ದಿನದಲ್ಲೇ ನಿಜವಾದ ಸ್ಟ್ರೋಕ್ ಬರೋ ಅಪಾಯ ಎಲ್ಲಕ್ಕಿಂತ ಜಾಸ್ತಿ ಅಂತ ಅಡ್ಮಿಟ್ ಮಾಡ್ಕೊಂಡ್ರು. ಸರಿಹೋಯ್ತಲ್ಲ ಅಂತ ಮನೇಲಿ ಮಲಗೋರಿಗೆ ಈ ಮಾತು ನಾನು ಎಷ್ಟು ಸಲ ಹೇಳಿದ್ರೂ ಸಾಲ್ದು.

ಆಮೇಲೆ ಬೆಂಗಳೂರಲ್ಲಿ ಎಂಆರ್‌ಐ ಆಯ್ತು. ಹೊಸ ಪೆಟ್ಟು ಇಲ್ಲ, ಆದ್ರೆ ಎರಡು ಹಳೇ ಸಣ್ಣ ಕಲೆ ಇದಾವೆ ಅಂದ್ರು, ಯಾವತ್ತೋ ಗೊತ್ತೇ ಆಗದ ಹಾಗೆ ಆಗಿಹೋಗಿರೋ ಸ್ಟ್ರೋಕು. ಆಪರೇಷನ್ ದಿನ ಆಗಿದ್ದೋ, ಅದಕ್ಕೂ ಮುಂಚೆ ಬಿಪಿ ಸಕ್ಕರೆಯಿಂದ ಆಗಿದ್ದೋ ಈಗ ಹೇಳೋಕಾಗಲ್ಲ. ಆ ಫಿಲ್ಮ್ ಬೆಳಕಿಗೆ ಹಿಡಿದಾಗ ಅಕ್ಕಿಕಾಳಿನಷ್ಟು ಎರಡು ಚುಕ್ಕೆ. ಇನ್ನೂ ನೋಡ್ತಾನೇ ಇದ್ದೆ, ಟೆಕ್ನಿಷಿಯನ್ ಬಂದು ತಗೊಂಡ್ರು.

ಎಲ್ಲಿಂದ ಬಂತು ಹೆಪ್ಪು ಅಂತ ಹುಡುಕೋಕೆ ಶುರುಮಾಡಿದ್ರು. ಕತ್ತಿನ ನಾಳ ಅದೇ 40ರಲ್ಲೇ ಇತ್ತು. ಇಸಿಜಿ ನಾರ್ಮಲ್. ಹಾರ್ಟಿನ ಲಯ ಬರ್ಕೊಳ್ಳೋ ಹೋಲ್ಟರ್ ಅನ್ನೋ ಸಣ್ಣ ಮೆಷಿನ್ 24 ಗಂಟೆ ಕಟ್ಟಿದ್ರು, ಏನೂ ಸಿಗ್ಲಿಲ್ಲ. ಆಗ ಆ ನ್ಯೂರಾಲಜಿಸ್ಟ್ ಹಳೇ ಫೈಲ್ ತೆಗೆದು ಒಂದೊಂದೇ ಪುಟ ಓದ್ತಾ ಮೂರನೇ ಪುಟದಲ್ಲಿ ಬೆರಳಿಟ್ಟು ನಿಂತ್ರು. ಆಪರೇಷನ್ ಆದಾಗ ಎಎಫ್ ಬಂದಿತ್ತಲ್ಲ, ಇದನ್ನ ಯಾಕೆ ಯಾರೂ ಹೇಳ್ಲಿಲ್ಲ ಅಂದ್ರು. ನಮಗೆ ಗೊತ್ತಿದ್ರೆ ತಾನೇ ಹೇಳೋದು. ಎದೆಗೆ ಅಂಟಿಸೋ ಪ್ಯಾಚ್ ಹದಿನಾಲ್ಕು ದಿನ ಹಾಕಿದ್ರು. ಒಂಬತ್ತನೇ ರಾತ್ರಿ ನಾನು ಗೊರಕೆ ಹೊಡೀತಾ ಮಲಗಿದ್ದಾಗ ಆರು ಗಂಟೆ ಹೊತ್ತು ಎಎಫ್ ಓಡಿತ್ತು. ನಂಗೆ ಒಂದು ಚೂರೂ ಗೊತ್ತಾಗಿಲ್ಲ, ಬೆಳಿಗ್ಗೆ ಎದ್ದು ಎಂದಿನ ಹಾಗೆ ಹಲ್ಲುಜ್ಜಿದೀನಿ.

ಮೇಲಿನ ಕೋಣೆ ಹಿಂಡದೇ ನಡುಗ್ತಾ ಇದ್ರೆ ಅದರ ಎಡಗಡೆ ಒಂದು ಸಣ್ಣ ಚೀಲದಂಥ ಮೂಲೆಯಿದೆ, ಅಲ್ಲಿ ರಕ್ತ ನಿಂತು, ನಿಂತ ಹಾಲು ಹೆಪ್ಪಾದ ಹಾಗೆ ಗಟ್ಟಿ ಆಗುತ್ತೆ, ಲಯ ವಾಪಸ್ ಬಂದಾಗ ಅದು ಹೊರಗೆ ಬಂದು ನೇರ ತಲೆಗೆ ಹೋಗುತ್ತೆ. ಇದಕ್ಕೆ ಡಾಕ್ಟ್ರುಗಳು ಒಂದು ಅಂಕ ಹಾಕ್ತಾರೆ, ಸಕ್ಕರೆಗೆ 1, ಬಿಪಿಗೆ 1, ಹಾರ್ಟಿನ ನಾಳದ ಕಾಯಿಲೆಗೆ 1, ಟಿಐಎ ಅಥವಾ ಸ್ಟ್ರೋಕ್ ಆಗಿದ್ರೆ 2, ವಯಸ್ಸು 65 ದಾಟಿದ್ರೆ 1, 75 ದಾಟಿದ್ರೆ 2. ಹೀಗೆ ಕೂಡಿಸ್ತಾ ಹೋಗ್ತಾರೆ, ಗಂಡಸರಿಗೆ 2 ಬಂದ್ರೆ ರಕ್ತ ತೆಳು ಮಾಡೋ ಮಾತ್ರೆ ಬೇಕು. ನಂದು ಟಿಐಎಗೆ ಮುಂಚೇನೇ 3 ಇತ್ತು, ಈಗ 5. ಆಪರೇಷನ್ ಟೈಮಲ್ಲಿ ಮಾತ್ರ ಬಂದು ಹೋದ ಎಎಫ್‌ಗೆ ಎಷ್ಟು ದಿನ ಮಾತ್ರೆ ಕೊಡ್ಬೇಕು ಅನ್ನೋದ್ರಲ್ಲಿ ಡಾಕ್ಟ್ರುಗಳಲ್ಲೇ ಎರಡು ಅಭಿಪ್ರಾಯ ಇದೆ, ಅದನ್ನ ನಾನು ಒಪ್ತೀನಿ, ಆದ್ರೆ ನಾಡಿ ನೋಡ್ಕೊಳ್ಳಿ, ಆರು ತಿಂಗ್ಳಿಗೊಂದು ಸಲ ಲಯ ಚೆಕ್ ಮಾಡ್ಸಿ ಅಂತ ಹೇಳೋಕೆ ಯಾವ ಅಭಿಪ್ರಾಯ ಭೇದಾನೂ ಅಡ್ಡ ಬರಲ್ಲ.

ಅವತ್ತಿಂದ ಎಪಿಕ್ಸಾಬ್ಯಾನ್ ಅಂತ ರಕ್ತ ತೆಳು ಮಾಡೋ ಮಾತ್ರೆ, ಬೆಳಿಗ್ಗೆ ಒಂದು ರಾತ್ರಿ ಒಂದು. ಹಳೇ ಕಾಲದ ಮಾತ್ರೆಗಳೂ ಇದಾವೆ, ಅಗ್ಗ, ಆದ್ರೆ ಐಎನ್‌ಆರ್ ಅಂತ ರಕ್ತ ಪರೀಕ್ಷೆ ಮಾಡ್ಸ್ತಾ ಅದನ್ನ 2ರಿಂದ 3ರ ಒಳಗೆ ಇಟ್ಕೋಬೇಕು, ಸೊಪ್ಪು ತಿನ್ನೋದ್ರಲ್ಲೂ ಹೆಚ್ಚುಕಮ್ಮಿ ಮಾಡೋಹಂಗಿಲ್ಲ. ನಂಗೆ ಆಮೇಲೆ ಆಸ್ಪಿರಿನ್ ನಿಲ್ಸಿದ್ರು, ಎರಡೂ ಸೇರಿದ್ರೆ ರಕ್ತಸ್ರಾವ ಜಾಸ್ತಿ ಅಂತ. ಇದು ನನ್ನ ಡಾಕ್ಟ್ರು ನನ್ನ ನೋಡಿ ಮಾಡಿದ್ದು, ಬೈಪಾಸ್ ಆದವ್ರು ಇದನ್ನ ಓದಿ ತಾವಾಗೇ ಆಸ್ಪಿರಿನ್ ನಿಲ್ಲಿಸ್ಬೇಡಿ ದಯವಿಟ್ಟು. ಬಿಪಿ 130/80ರ ಒಳಗೆ, ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ 70ಕ್ಕಿಂತ ಕೆಳಗೆ, ಸಾಧ್ಯವಾದ್ರೆ 55ಕ್ಕೆ ಅಂದ್ರು, ಈಗ 61 ಇದೆ. ಕಡ್ಡಿಪುಡಿ ಬಿಟ್ಟೆ. ಕೊಬ್ಬರಿ ಕಮ್ಮಿ ಮಾಡಿ ಅಂದಾಗ ಮಾತ್ರ ಮನಸ್ಸಿಗೆ ನೋವಾಯ್ತು, ಹುಟ್ಟಿದಾಗಿಂದ ಅದೇ ವಾಸನೆಯಲ್ಲಿ ಬದುಕಿದವ್ನು, ಈಗ ಹಬ್ಬದ ದಿನ ಒಂದು ಹೋಳು.

ನಾಡಿ ನೋಡೋದನ್ನ ಕಲಿತಿದೀವಿ. ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಮೂರು ಬೆರಳು ಮೆಲ್ಲಗೆ ಇಡೋದು, ಪೂರ್ತಿ ಒಂದು ನಿಮಿಷ. ಹಮಾಲಿ ಒಂದೊಂದೇ ಚೀಲ ಎಣಿಸಿ ಹಾಕೋ ಹಾಗೆ ಒಂದೇ ಸಮ ಬಂದ್ರೆ ಸರಿ, ಎರಡು ಬೇಗ ಬಂದು ಒಂದು ಬಿಟ್ಟು ಮತ್ತೆ ನಾಲ್ಕು ಗಡಿಬಿಡಿಯಲ್ಲಿ ಬಂದು ಯಾವ ತಾಳಕ್ಕೂ ಸಿಗದೇ ಇದ್ರೆ ಅವತ್ತೇ ಹೋಗಿ ಇಸಿಜಿ ಮಾಡ್ಸ್ಬೇಕು. ಹೆಂಡ್ತಿ ದಿನಾ ಸಾಯಂಕಾಲ ದೀಪ ಹಚ್ಚಿ ಬಂದು ನನ್ ಕೈ ಹಿಡೀತಾಳೆ, ಅವ್ಳಿಗೆ ನನಗಿಂತ ಚೆನ್ನಾಗಿ ಗೊತ್ತಾಗುತ್ತೆ. ಕಳೆದ ವರ್ಷ ಎರಡು ಸಲ ಅವ್ಳೇ ಹಿಡಿದು ಹಾಕಿದ್ದು.

ತಲೆಗೆ ಅಂತ ಬೇರೆ ದೊಡ್ಡ ಔಷಧಿ ಏನೂ ಕೊಡ್ಲಿಲ್ಲ. ದಿನಾ ಕಲ್ಪತರು ಕಾಲೇಜ್ ಕಡೆ ನಲವತ್ತು ನಿಮಿಷ ನಡಿಗೆ, ರಾತ್ರಿ ಸರಿಯಾಗಿ ನಿದ್ದೆ, ಜನರ ಜೊತೆ ಮಾತು, ಕೈಬರಹದ ಲೆಕ್ಕ. ಮಂಡಿಗೆ ಈಗ ಅರ್ಧ ದಿನ ಹೋಗ್ತೀನಿ. ಮೊದ್ಲು ಬಾಯಲ್ಲಿ ಹೇಳ್ತೀನಿ, ಆಮೇಲೆ ಕ್ಯಾಲ್ಕುಲೇಟರಲ್ಲಿ ರೈತನಿಗೇ ತೋರಿಸ್ತೀನಿ. ಹತ್ತರಲ್ಲಿ ಒಂಬತ್ತು ಸರಿ ಇರುತ್ತೆ. ಟಿಐಎ ಆದ ಮುಂದಿನ ವರ್ಷ ಅದೇ ಪರೀಕ್ಷೆ ಮತ್ತೆ ಮಾಡಿದಾಗ 79 ದಾಟಿ 72, 65 ಹೇಳಿದೆ, 30ಕ್ಕೆ 26 ಬಂತು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಂತ ಶುರುಮಾಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಕ್ಲಿನಿಕ್ ಮಾಡ್ತಿದಾರೆ, ನಮ್ಮಂಥವ್ರು ಬೆಂಗಳೂರಿಗೆ ಅಲೆಯೋದು ತಪ್ಪಿದ್ರೆ ದೊಡ್ಡ ಉಪಕಾರ.

ಮೊನ್ನೆ ನಮ್ಮ ಮಂಡಿಯ ಇನ್ನೊಬ್ಬ ಗುಮಾಸ್ತನಿಗೆ ಬೈಪಾಸ್ ಆಯ್ತು. ನೋಡೋಕೆ ಹೋದಾಗ ಹಣ್ಣು ಕೊಟ್ಟು ಎದೆ ಹೊಲಿಗೆ ಕೇಳೋಕೆ ಮುಂಚೆ ಅವನ ಮಗನಿಗೆ ಡಿಸ್ಚಾರ್ಜ್ ಸಮರಿ ತಗೊಂಡ್ ಬಾ ಅಂದೆ. ಇಬ್ರೂ ಕೂತು ಒಂದೊಂದೇ ಸಾಲು ಓದಿದ್ವಿ. ಅದ್ರಲ್ಲೂ ಇತ್ತು, ಎರಡನೇ ಪುಟದ ಕೆಳಗೆ, ಅದೇ ನಾಲ್ಕು ಅಕ್ಷರ. ಕೆಂಪು ಪೆನ್ನಲ್ಲಿ ಸುತ್ತ ಗೆರೆ ಎಳೆದು ಕನ್ನಡದಲ್ಲಿ ಪಕ್ಕಕ್ಕೆ ಏನು ಅಂತ ಬರೆದು, ಆಮೇಲೆ ಅವನ ಹೆಂಡತಿ ಕೈಗೆ ಅವನ ಮಣಿಕಟ್ಟು ಕೊಟ್ಟೆ.